ಅಲ್ಜೈಮರ್ ಸಂಶೋಧನೆಗೆ ಮರೆವಿಲ್ಲದವರು ಯಾಕೆ ಬೇಕು?

ಮರೆವಿನ ಕಾಯಿಲೆಯಾದ ಅಲ್ಜೈಮರ್‌ನ ಸಂಶೋಧನೆಗೆ, ಆರೈಕೆಗೆ ನಮ್ಮಂಥವರು ಏನು ಮಾಡಬಹುದು ಅನ್ನೋ ಪಾಠ ಓದುವಾಗ ಒಂದೇ ಒಂದು ಕಡೆ ನಾನು ಎರಡು ದಿನ ಸಿಕ್ಕಿಹಾಕಿಕೊಂಡಿದ್ದೆ. ನಿಮಗೂ ಅಲ್ಲೇ ತೊಡಕಾಗಿದ್ದರೆ ಇದು ಉಪಯೋಗಕ್ಕೆ ಬರಬಹುದು.

ದೇಣಿಗೆಯ ಭಾಗ ಸುಲಭ. ಮರೆವಿನ ಕಾಯಿಲೆ ಇರುವವರಿಗೂ ಅವರ ಮನೆಯವರಿಗೂ ನೆರವಾಗುವ ಎಆರ್‌ಡಿಎಸ್‌ಐ ಸಂಸ್ಥೆ 1992ರಲ್ಲಿ ಕೇರಳದಲ್ಲಿ ಶುರುವಾಯಿತು. ಬೆಂಗಳೂರಿನಲ್ಲಿ ಹಿರಿಯರ ಆರೈಕೆಯ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಇದೆ. ಸೆಪ್ಟೆಂಬರ್ 21 ವಿಶ್ವ ಅಲ್ಜೈಮರ್ ದಿನ. ಇಷ್ಟು ನೆನಪಿಟ್ಟರೆ ಸಾಕು.

ನಾನು ಸಿಕ್ಕಿಕೊಂಡ ಜಾಗ

'ಆರೋಗ್ಯವಾಗಿರುವವರೂ ಅಧ್ಯಯನಕ್ಕೆ ಸೇರಬಹುದು' ಎಂದಿತ್ತು. ಕಾಯಿಲೆಯೇ ಇಲ್ಲದವರನ್ನು ನೋಡಿ ಏನು ತಿಳಿಯುತ್ತೆ? ನನಗೆ ಇದು ತಲೆಗೇ ಹೋಗಲಿಲ್ಲ.

ಹೀಗೆ ನೋಡಿ. ಮರೆವು ಹೊರಗೆ ಕಾಣಿಸುವ 15–20 ವರ್ಷ ಮೊದಲೇ ಮೆದುಳಿನಲ್ಲಿ ಬದಲಾವಣೆ ಶುರುವಾಗಿರುತ್ತದೆ. ಅಂದರೆ ಒಬ್ಬ ಅಜ್ಜಿಗೆ 70ನೇ ವಯಸ್ಸಿನಲ್ಲಿ ಕಂಡ ಕಾಯಿಲೆಯ ಬೇರು 50ರ ಆಸುಪಾಸಿನಲ್ಲಿದೆ. ಆಗ ಬಿಪಿ ಎಷ್ಟಿತ್ತು, ನಿದ್ದೆ ಹೇಗಿತ್ತು ಅಂತ ಈಗ ಆ ಅಜ್ಜಿಯನ್ನು ಕೇಳೋಕಾಗಲ್ಲ, ಅಲ್ವಾ? ಅದಕ್ಕೆ ಚೆನ್ನಾಗಿರುವಾಗಲೇ ಶುರುಮಾಡಿ, ಅದೇ ಜನರನ್ನು ವರ್ಷಗಟ್ಟಲೆ ನೋಡುತ್ತಾ ಹೋಗಬೇಕು.

ನಾನು ನೆನಪಿಟ್ಟುಕೊಂಡದ್ದು ಹೀಗೆ: ಬೆಳೆ ಒಣಗಿದ ಮೇಲೆ ಹೊಲಕ್ಕೆ ಹೋದರೆ ಒಣಗಿದ್ದಷ್ಟೇ ಕಾಣುತ್ತೆ. ಯಾಕೆ ಒಣಗಿತು ಅಂತ ಗೊತ್ತಾಗಬೇಕಾದರೆ ಬಿತ್ತನೆಯಿಂದಲೇ ಹೋಗಿ ನೋಡುತ್ತಿರಬೇಕು. ಪಕ್ಕದಲ್ಲಿ ಹಸಿರಾಗಿ ಉಳಿದ ಸಾಲನ್ನೂ ನೋಡಬೇಕು.

ಬಿತ್ತನೆಯಿಂದ ನೋಡುವ ಕೆಲಸ ನಮ್ಮಲ್ಲೇ ನಡೆಯುತ್ತಿದೆ. ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ, 45 ದಾಟಿದ 10,000 ಜನರನ್ನು ಸೇರಿಸಿಕೊಳ್ಳುವ ಗುರಿಯ ಅಧ್ಯಯನವಿದೆ. ನಡೆಸುವವರು ಬೆಂಗಳೂರಿನ ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರದವರು. ಹಳ್ಳಿಯ ಜನ ರಕ್ತ ಕೊಡುತ್ತಾರೆ, ನೆನಪಿನ ಪರೀಕ್ಷೆಗೆ ಕೂರುತ್ತಾರೆ, ಮತ್ತೆ ಮತ್ತೆ ಬರುತ್ತಾರೆ. ಓದಿ ನನಗೆ ತುಂಬಾ ಹೆಮ್ಮೆಯಾಯಿತು.

ಹಸಿರು ಸಾಲಿಗೆ ಅಮೆರಿಕದ ಉದಾಹರಣೆ. 1986ರಲ್ಲಿ ಶುರುವಾದ ಅಧ್ಯಯನಕ್ಕೆ 678 ಕ್ರೈಸ್ತ ಸನ್ಯಾಸಿನಿಯರು ಸೇರಿದರು. ಸತ್ತ ಮೇಲೆ ಮೆದುಳನ್ನೂ ಕೊಡಲು ಒಪ್ಪಿದರು. ಕೆಲವರ ಮೆದುಳಿನಲ್ಲಿ ಅಲ್ಜೈಮರ್‌ನ ಗುರುತುಗಳು ಬೇಕಾದಷ್ಟಿದ್ದವು. ಆದರೂ ಅವರು ಕೊನೆತನಕ ಚುರುಕಾಗಿದ್ದರು. ಬರೀ ರೋಗಿಗಳ ಮೆದುಳು ನೋಡಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಇನ್ನೊಂದು ಗೊಂದಲ: ಸೇರಿದವರಿಗೆ ಹೊಸ ಔಷಧಿ ಕೊಡುತ್ತಾರಾ? ಇಂಥ ಅಧ್ಯಯನದಲ್ಲಿ ಹೊಸ ಔಷಧಿ ಕೊಡಲ್ಲ, ಸುಮ್ನೆ ಅಳೆದು ಬರೆದಿಡುತ್ತಾರೆ. ಔಷಧಿ ಪರೀಕ್ಷಿಸುವುದು ಕ್ಲಿನಿಕಲ್ ಟ್ರಯಲ್‌ನಲ್ಲಿ. ಎರಡಕ್ಕೂ ಒಪ್ಪಿಗೆ ಪತ್ರ ಬೇಕು, ಎರಡರಿಂದಲೂ ಯಾವಾಗ ಬೇಕಾದರೂ ಹೊರಬರಬಹುದು.

ಮೆದುಳು ದಾನ

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬ್ರೈನ್ ಬ್ಯಾಂಕ್ ಇದೆ, ಅಂದರೆ ದಾನವಾಗಿ ಬಂದ ಮೆದುಳನ್ನು ಸಂಶೋಧನೆಗಾಗಿ ಕಾಪಾಡಿಡುವ ಜಾಗ. ಕಾಯಿಲೆ ಇಲ್ಲದವರ ಮೆದುಳೂ ಬೇಕು. ಕಾರಣ ಅದೇ ಹಸಿರು ಸಾಲು. ಆ ಹೊತ್ತಿನಲ್ಲಿ ಒಪ್ಪಿಗೆ ಕೊಡಬೇಕಾದವರು ಮನೆಯವರು, ಸಮಯವೂ ಕಮ್ಮಿ ಇರುತ್ತದೆ. ಹಾಗಾಗಿ ನಿಮ್ಮ ಆಸೆಯನ್ನು ಈಗಲೇ ಮನೆಯಲ್ಲಿ ಹೇಳಿಡಿ.

ಆರೈಕೆ

'ಅರವತ್ತಕ್ಕೆ ಅರಳು ಮರಳು' ಅಂತ ನಮ್ಮ ದೊಡ್ಡಪ್ಪನ ವಿಷಯದಲ್ಲಿ ಮನೆಯವರೆಲ್ಲ ಸುಮ್ಮನಾಗಿಬಿಟ್ಟೆವು. ಡಾಕ್ಟರ್ ಹತ್ತಿರ ಹೋಗುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ಯಾರಾದರೂ ಹಾಗೆ ಅಂದರೆ 'ಒಮ್ಮೆ ತೋರಿಸಿ' ಅನ್ನಿ. ಹಿರಿಯರ ಸಹಾಯವಾಣಿ 14567 ಅನ್ನೂ ಬರೆದುಕೊಡಿ.

ನೋಡಿಕೊಳ್ಳುವವರಿಗೆ ಬೇಕಾದ್ದು ಬಿಡುವು. ಈಗ ಭಾನುವಾರ ಸಂಜೆ ಎರಡು ಗಂಟೆ ನಾನು ದೊಡ್ಡಪ್ಪನ ಜೊತೆ ಕೂರುತ್ತೇನೆ. 'ಹಸು ಕರೆದಾಯ್ತಾ?' ಅಂತ ಹತ್ತು ಸಲ ಕೇಳುತ್ತಾರೆ. ಹಸು ಮಾರಿ ಎಷ್ಟೋ ವರ್ಷವಾಯಿತು. 'ಆಯ್ತು ದೊಡ್ಡಪ್ಪ' ಅನ್ನುತ್ತೇನೆ. ದೊಡ್ಡಮ್ಮ ಅಷ್ಟರಲ್ಲಿ ದೇವಸ್ಥಾನಕ್ಕೆ ಹೋಗಿ, ದಾರಿಯಲ್ಲಿ ಅಕ್ಕನ ಮನೆಯಲ್ಲಿ ಕಾಫಿ ಕುಡಿದು ಬರುತ್ತಾರೆ.