ಸಿಂಪಿಗೇಕೆ ಬೇಕು 88 ಜೀನುಗಳು?

ಬಿಸಿಯಂಥ ಪೆಟ್ಟು ಬಿದ್ದಾಗ ಜೀವಕೋಶವನ್ನು ಕಾಪಾಡುವ ಎಚ್‌ಎಸ್‌ಪಿ-70 (ಹೀಟ್ ಶಾಕ್ ಪ್ರೋಟೀನ್) ಎಂಬ ಪ್ರೋಟೀನ್ ಕುಟುಂಬಕ್ಕೆ ಮನುಷ್ಯನಲ್ಲಿರುವ ಜೀನುಗಳು ಸುಮಾರು 17. ಪೆಸಿಫಿಕ್ ಸಿಂಪಿಯಲ್ಲಿ 88. ಚೀನಾದ ವಿಜ್ಞಾನಿಗಳ ನೇತೃತ್ವದ ತಂಡ 2012ರಲ್ಲಿ ಈ ಸಿಂಪಿಯ ಜೀನೋಮನ್ನು ಪ್ರಕಟಿಸಿದಾಗ ಹೆಚ್ಚು ಚರ್ಚೆಗೆ ಬಂದ ಅಂಕಿಗಳಲ್ಲಿ ಇದೂ ಒಂದು. ಬಂಡೆಗೆ ಅಂಟಿಕೊಂಡೇ ಆಯುಷ್ಯ ಕಳೆಯುವ ಜೀವಿಗೆ ಇಷ್ಟೊಂದು ಸರಂಜಾಮು ಏಕೆ? ಅಂಟಿಕೊಂಡಿರುವುದೇ ಕಾರಣ. ಬಿಸಿಲೇರಿದರೆ ಮೀನು ಆಳಕ್ಕೆ ಇಳಿಯುತ್ತದೆ, ಏಡಿ ಬಿಲ ಸೇರುತ್ತದೆ. ಸಿಂಪಿಗೆ ಚಿಪ್ಪು ಮುಚ್ಚಿಕೊಳ್ಳುವುದೊಂದೇ ದಾರಿ. ಉಳಿದದ್ದೆಲ್ಲ ಜೀವಕೋಶದೊಳಗೇ ಆಗಬೇಕು.

ಈ ಪ್ರೋಟೀನುಗಳ ಕಥೆ ಆರಂಭವಾದದ್ದು ಮಾತ್ರ ಕಡಲಲ್ಲಲ್ಲ, ಹಣ್ಣಿನ ನೊಣದಲ್ಲಿ. ಇಟಲಿಯ ಫೆರುಚ್ಚಿಯೊ ರಿಟೋಸಾ ನೊಣದ ಮರಿಹುಳುಗಳ ಲಾಲಾಗ್ರಂಥಿಯ ವರ್ಣತಂತುಗಳನ್ನು ನೋಡುತ್ತಿದ್ದರು. ಪ್ರಯೋಗಾಲಯದಲ್ಲಿ ಯಾರೋ ಇನ್‌ಕ್ಯುಬೇಟರಿನ ಉಷ್ಣತೆ ಹೆಚ್ಚಿಸಿಬಿಟ್ಟಿದ್ದರು. ವರ್ಣತಂತುಗಳ ಮೇಲೆ ಹಿಂದೆ ಕಾಣದಿದ್ದ ಉಬ್ಬುಗಳು ಎದ್ದಿದ್ದವು. ಬಿಸಿ ತಾಗಿದೊಡನೆ ಕೆಲವು ಜೀನುಗಳು ಕೆಲಸಕ್ಕೆ ಇಳಿಯುತ್ತವೆ ಎಂಬುದರ ಗುರುತು ಅದು. ಜೀವಶಾಸ್ತ್ರಕ್ಕೆ ಇದರಿಂದ ಏನು ಪ್ರಯೋಜನ ಎಂದು ಒಂದು ಪತ್ರಿಕೆ ಲೇಖನವನ್ನು ಹಿಂದಿರುಗಿಸಿತು; 1962ರಲ್ಲಿ ಅದು ಮತ್ತೊಂದು ಪತ್ರಿಕೆಯಲ್ಲಿ ಬಂತು. ಆ ಜೀನುಗಳಿಂದ ತಯಾರಾಗುವ ಪ್ರೋಟೀನುಗಳು ಕಣ್ಣಿಗೆ ಬೀಳಲು 1974ರವರೆಗೆ ಕಾಯಬೇಕಾಯಿತು. ಅವುಗಳ ಕೆಲಸವೇನೆಂದು ತಿಳಿದದ್ದು ಎಂಬತ್ತರ ದಶಕದಲ್ಲಿ.

ಆ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪ್ರೋಟೀನೆಂದರೆ ನಿರ್ದಿಷ್ಟ ಆಕಾರಕ್ಕೆ ಮಡಚಿಕೊಂಡ ಅಮೈನೋ ಆಮ್ಲಗಳ ಸರಪಳಿ. ನೀರನ್ನು ಒಲ್ಲದ ಭಾಗಗಳು ಮಡಿಕೆಯ ಒಳಗೆ ಅಡಗಿರುತ್ತವೆ. ಬಿಸಿಗೆ ಮಡಿಕೆ ಸಡಿಲವಾದರೆ ಆ ಭಾಗಗಳು ಹೊರಬಂದು ಪಕ್ಕದ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತವೆ. ಬೆಂದ ಮೊಟ್ಟೆಯ ಬಿಳಿಯಂತೆ ಗಟ್ಟಿಯಾದದ್ದು ಮತ್ತೆ ಕರಗುವುದಿಲ್ಲ. ಹಾಗಾಗುವ ಮೊದಲೇ ಎಚ್‌ಎಸ್‌ಪಿ-70 ಆ ಅಂಟುವ ಭಾಗವನ್ನು ಹಿಡಿದುಕೊಳ್ಳುತ್ತದೆ, ಎಟಿಪಿ ಎಂಬ ಶಕ್ತಿಕಣವನ್ನು ಖರ್ಚು ಮಾಡಿ ಆ ಹಿಡಿತ ಸಡಿಲಿಸುತ್ತದೆ, ಸರಿಯಾಗಿ ಮಡಚಿಕೊಳ್ಳಲು ಇನ್ನೊಂದು ಅವಕಾಶ ಕೊಡುತ್ತದೆ. ರಿಪೇರಿಗೆ ಬಾರದ ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ ಚೀಟಿ ಅಂಟುತ್ತದೆ. ಚೀಟಿ ಅಂಟಿದ ಪ್ರೋಟೀನು ಒಡೆದು ಪುಡಿಯಾಗಲು ಹೋಗುತ್ತದೆ.

ಇದೆಲ್ಲ ಪ್ರಯೋಗಾಲಯದ ಬಿಸಿನೀರಿನ ಆಟವೋ ಅಥವಾ ನಿಜವಾದ ಕಡಲತೀರದಲ್ಲೂ ನಡೆಯುತ್ತದೆಯೋ? ಈ ಪ್ರಶ್ನೆಗೆ ಉತ್ತರ ಕೊಟ್ಟವರು ಅಮೆರಿಕದ ಗ್ರೆಚೆನ್ ಹಾಫ್‌ಮನ್ ಮತ್ತು ಜಾರ್ಜ್ ಸೊಮೆರೊ. ಪೆಸಿಫಿಕ್ ತೀರದ ಬಂಡೆಗಳಲ್ಲಿ ಬೆಳೆಯುವ ಮಸೆಲ್‌ಗಳನ್ನು, ಅಂದರೆ ನಮ್ಮ ಕರಾವಳಿಯ ಪಚ್ಚಿಲೆಯ ದೂರದ ನೆಂಟರನ್ನು, ಬೇಸಿಗೆಯಲ್ಲೂ ಚಳಿಗಾಲದಲ್ಲೂ ತಂದು ಕಿವಿರುಗಳನ್ನು ಪರೀಕ್ಷಿಸಿದರು. ಬೇಸಿಗೆಯವುಗಳಲ್ಲಿ ಎಚ್‌ಎಸ್‌ಪಿ-70 ಹೆಚ್ಚಿತ್ತು. ಯುಬಿಕ್ವಿಟಿನ್ ಚೀಟಿ ಅಂಟಿದ ಪ್ರೋಟೀನುಗಳೂ ಹೆಚ್ಚಿದ್ದವು. 1995ರ ಈ ಫಲಿತಾಂಶ ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ತಿರುವು. ಮಸೆಲ್ ತನ್ನ ಮಾಮೂಲಿ ಬೇಸಿಗೆಯಲ್ಲೇ ಪೆಟ್ಟು ತಿನ್ನುತ್ತಿತ್ತು, ಪೆಟ್ಟು ತಿನ್ನುತ್ತಲೇ ರಿಪೇರಿ ಮಾಡಿಕೊಳ್ಳುತ್ತಿತ್ತು.

ರಿಪೇರಿಗೆ ಖರ್ಚಿದೆ. ಸರಪಳಿಗೆ ಒಂದೊಂದು ಅಮೈನೋ ಆಮ್ಲ ಸೇರಿಸಲು ಸುಮಾರು ನಾಲ್ಕು ಎಟಿಪಿಯಷ್ಟು ಶಕ್ತಿ ಬೇಕು. ಒಡೆದದ್ದನ್ನು ಮತ್ತೆ ಕಟ್ಟುವುದೆಂದರೆ ನೂರಾರು ಅಮೈನೋ ಆಮ್ಲಗಳ ಲೆಕ್ಕ. ಕಡಲ ಇಳಿತದ ಹೊತ್ತಿನಲ್ಲಿ, ನೀರು ಸರಿದು ಬಂಡೆ ಬಯಲಾದಾಗ, ಚಿಪ್ಪು ಮುಚ್ಚಿಕೊಂಡರೆ ತೇವವೇನೋ ಉಳಿಯುತ್ತದೆ, ಆದರೆ ಒಳಗಿನ ಆಮ್ಲಜನಕ ಬೇಗ ತೀರುತ್ತದೆ. ಆಗ ಜೀವಿ ಆಮ್ಲಜನಕ ಬೇಡದ ದಾರಿಗೆ ಹೊರಳುತ್ತದೆ. ಅಲ್ಲಿ ಅದೇ ಆಹಾರದಿಂದ ಸಿಗುವ ಎಟಿಪಿ ಬಹಳ ಕಡಿಮೆ. ಖರ್ಚು ಏರುವ ಹೊತ್ತಿಗೇ ಆದಾಯ ಕುಸಿಯುತ್ತದೆ. ಬೆಳವಣಿಗೆಗೆ, ಮೊಟ್ಟೆಗೆ ಹೋಗಬೇಕಾದ ಪಾಲು ರಿಪೇರಿಗೆ ಹೋಗುತ್ತದೆ. 88 ಜೀನುಗಳನ್ನು ಕವಚವೆಂದು ಹೊಗಳುವವರು ಈ ಖರ್ಚಿನ ಲೆಕ್ಕವನ್ನು ಮರೆಯುತ್ತಾರೆ.

ಶಾಖವೊಂದೇ ಶತ್ರುವಲ್ಲ. ಉತ್ತರ ಕನ್ನಡದ ಅಘನಾಶಿನಿ ನದಿಯ ಅಳಿವೆಯಲ್ಲಿರುವ ಬಳಚು ಎಂಬ ಚಿಪ್ಪುಜೀವಿಗೆ ಮಳೆಗಾಲವೇ ಪರೀಕ್ಷೆ. ಘಟ್ಟದಿಂದ ಇಳಿಯುವ ಸಿಹಿನೀರು ಉಪ್ಪಿನಂಶವನ್ನು ತಗ್ಗಿಸಿದಾಗ ನೀರು ಜೀವಕೋಶದೊಳಕ್ಕೆ ನುಗ್ಗಿ ಅದನ್ನು ಊದಿಸುತ್ತದೆ. ಇಂಥ ಹೊತ್ತಿನಲ್ಲಿ ಚಿಪ್ಪುಜೀವಿಗಳು ಒಳಗೆ ಕೂಡಿಟ್ಟ ಅಮೈನೋ ಆಮ್ಲಗಳನ್ನೇ ಹೊರಹಾಕಿ ಒಳಹೊರಗಿನ ಸಾಂದ್ರತೆಯನ್ನು ಸರಿದೂಗಿಸುತ್ತವೆ. ಮತ್ತೆ ಉಪ್ಪೇರಿದಾಗ ಹೊಸದಾಗಿ ಕೂಡಿಡಬೇಕು. ಅದೂ ಖರ್ಚೇ.

ಹಾಗಾದರೆ ಯಾವ ತೀರದ ಮಸೆಲ್ ಹೆಚ್ಚು ಬಳಲುತ್ತದೆ? ದಕ್ಷಿಣಕ್ಕೆ ಹೋದಷ್ಟೂ ಎಂದು ಯಾರಿಗಾದರೂ ತೋಚುತ್ತದೆ. ಅಮೆರಿಕದ ವಿಜ್ಞಾನಿ ಬ್ರಯಾನ್ ಹೆಲ್ಮತ್ ಮಸೆಲ್‌ನಂತೆಯೇ ಬಿಸಿಯಾಗುವ, ಒಳಗೆ ಉಷ್ಣಮಾಪಕವಿರುವ ಕೃತಕ ಮಸೆಲ್‌ಗಳನ್ನು ಅಮೆರಿಕದ ಪಶ್ಚಿಮ ತೀರದುದ್ದಕ್ಕೂ ಬಂಡೆಗಳಿಗೆ ಅಂಟಿಸಿ ಅಳೆದರು. 2002ರಲ್ಲಿ ಅವರ ತಂಡ ಹೇಳಿದ್ದು ಬೇರೆಯೇ: ಉತ್ತರದ ಕೆಲವು ತೀರಗಳು ದಕ್ಷಿಣದವುಗಳಿಗಿಂತ ಹೆಚ್ಚು ಬಿಸಿಯಾಗುತ್ತವೆ. ಏಕೆಂದರೆ ಬೇಸಿಗೆಯಲ್ಲಿ ಉತ್ತರದ ವಾಷಿಂಗ್ಟನ್ ರಾಜ್ಯದ ಕಡೆ ದೊಡ್ಡ ಇಳಿತ ನಡುಹಗಲಿಗೆ ಬೀಳುತ್ತದೆ, ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ರಾತ್ರಿಗೆ.

2021ರ ಜೂನ್ ಕೊನೆಯಲ್ಲಿ ಈ ಲೆಕ್ಕ ಕ್ರೂರವಾಗಿ ನಿಜವಾಯಿತು. ಕೆನಡಾದ ಲಿಟ್ಟನ್ ಊರಿನಲ್ಲಿ ಉಷ್ಣತೆ 49.6 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಆ ಶಾಖದಲೆಯ ದಿನಗಳಲ್ಲೇ ವ್ಯಾಂಕೂವರ್ ಸುತ್ತಮುತ್ತ ಹಗಲಿನ ದೊಡ್ಡ ಇಳಿತವೂ ಬಂತು. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕ್ರಿಸ್ ಹಾರ್ಲಿ ತೀರಕ್ಕೆ ಹೋದಾಗ ಕೊಳೆತ ಮಸೆಲ್‌ಗಳ ವಾಸನೆ ಮೊದಲೇ ಮೂಗಿಗೆ ಬಡಿದಿತ್ತು. ಬಂಡೆಯ ಮೈ 50 ಡಿಗ್ರಿ ದಾಟಿದ್ದನ್ನು ಅವರ ಶಾಖ-ಕ್ಯಾಮೆರಾ ತೋರಿಸಿತು. ಆ ಕಡಲ ಪ್ರದೇಶದಲ್ಲಿ ಸತ್ತ ತೀರಜೀವಿಗಳು ನೂರು ಕೋಟಿಗೂ ಹೆಚ್ಚು ಎಂದು ಅವರ ಅಂದಾಜು. ಅಷ್ಟು ಶಾಖದಲ್ಲಿ ಎಚ್‌ಎಸ್‌ಪಿ-70 ಹಿಡಿಯಬೇಕಾದ ಪ್ರೋಟೀನುಗಳು ಅದು ಹಿಡಿಯಬಲ್ಲದ್ದಕ್ಕಿಂತ ಬೇಗ ಸಡಿಲವಾಗುತ್ತವೆ. ಹೊಸ ಎಚ್‌ಎಸ್‌ಪಿ ಕಟ್ಟುವ ಯಂತ್ರವೇ ಕೈಕೊಡುತ್ತದೆ.

ಆದರೂ ಸಾವು ಎಲ್ಲೆಡೆ ಒಂದೇ ಸಮನಾಗಿರಲಿಲ್ಲ. ದಕ್ಷಿಣಕ್ಕೆ, ಅಂದರೆ ಅಲ್ಲಿ ಬಿಸಿಲಿನ ಕಡೆಗೆ, ಮುಖ ಮಾಡಿದ ಬಂಡೆಯ ಮಸೆಲ್‌ಗಳು ಸತ್ತು ಬಾಯ್ದೆರೆದಿದ್ದರೆ, ನೆರಳಿನ ಕಡೆಯವು ಬದುಕಿದ್ದವು. ಜೀನುಗಳು ಎರಡೂ ಕಡೆ ಅವೇ; ವ್ಯತ್ಯಾಸ ಕೆಲವೇ ಡಿಗ್ರಿಗಳದ್ದು.