ಪದ ಪರಿಚಯ: ಫೋಟೊ ಹಂಚಿಕೊಳ್ಳುವುದು

ಆನ್‌ಲೈನ್ ಬಳಗವೊಂದರ ಸದಸ್ಯರು ತಾವು ತೆಗೆದ ಚಿತ್ರವನ್ನು ಉಳಿದವರ ಮುಂದಿಟ್ಟಾಗ ನಾವು ‘ಫೋಟೊ ಹಂಚಿಕೊಂಡರು’ ಎನ್ನುತ್ತೇವೆ. ‘ಫೋಟೊ ಹಂಚಿದರು’ ಎನ್ನುವುದು ಅಪರೂಪ. ಎರಡಕ್ಕೂ ಇರುವ ಅಂತರ ‘ಕೊಳ್ಳು’ ಎಂಬ ಒಂದು ಸಹಾಯಕ ಕ್ರಿಯಾಪದದ್ದು ಮಾತ್ರ. ಆದರೆ ಈ ಪದದ ಅರ್ಥವೆಲ್ಲ ನಿಂತಿರುವುದು ಆ ತುಣುಕಿನ ಮೇಲೆಯೇ ಎಂಬುದು ನನ್ನ ಅಭಿಪ್ರಾಯ.

‘ಹಂಚು’ ಎಂದರೆ ಪಾಲು ಮಾಡಿ ಕೊಡುವುದು. ಆಸ್ತಿಯನ್ನು ಹಂಚುತ್ತಾರೆ, ಕರಪತ್ರ ಹಂಚುತ್ತಾರೆ, ಚುನಾವಣೆ ಬಂದರೆ ಸೀಟು ಹಂಚಿಕೆ ನಡೆಯುತ್ತದೆ. ಇಲ್ಲೆಲ್ಲ ವಸ್ತು ಕೊಡುವವರ ಕೈ ಬಿಟ್ಟುಹೋಗುತ್ತದೆ. ಹಂಚಿದಷ್ಟೂ ಅವರಲ್ಲಿ ಉಳಿಯುವುದು ಕಡಿಮೆ. ‘ಕೊಳ್ಳು’ ಸೇರಿದೊಡನೆ ಕ್ರಿಯೆಯ ಫಲ ಅದನ್ನು ಮಾಡಿದವರ ಕಡೆಗೂ ತಿರುಗುತ್ತದೆ: ಬರೆಯುವುದು ಬೇರೆ, ಬರೆದುಕೊಳ್ಳುವುದು ಬೇರೆ. ಮಾಡುವವರು ಒಬ್ಬರಿಗಿಂತ ಹೆಚ್ಚಿದ್ದರೆ, ‘ಮಾತಾಡಿಕೊಂಡರು’ ಎಂಬಲ್ಲಿ ಆಗುವಂತೆ, ಕೊಟ್ಟು ತೆಗೆದುಕೊಳ್ಳುವ ಅರ್ಥವೂ ಬಂದು ಸೇರುತ್ತದೆ. ಸುಖದುಃಖಗಳನ್ನು ನಾವು ಹಂಚಿಕೊಳ್ಳುತ್ತೇವೆಯೇ ಹೊರತು ಹಂಚುವುದಿಲ್ಲ; ಹಾಗೆ ಹಂಚಿಕೊಂಡದ್ದು ಹೇಳಿದವರಲ್ಲೂ ಇರುತ್ತದೆ, ಕೇಳಿದವರಲ್ಲೂ ಇರುತ್ತದೆ. (ಹಳೆಯ ಬಳಕೆಯಲ್ಲಿ ‘ಹಂಚಿಕೆ’ ಎಂಬುದಕ್ಕೆ ಉಪಾಯ, ಸಂಚು ಎಂಬ ಅರ್ಥವೂ ಇದೆ; ಇಲ್ಲಿ ಅದು ನಮಗೆ ಸಂಬಂಧಿಸಿದ್ದಲ್ಲ.)

ಡಿಜಿಟಲ್ ಫೋಟೊ ಈ ಎರಡನೆಯ ಜಾತಿಗೆ ಸೇರಿದ್ದು. ಒಂದು ಪ್ರತಿ ನೂರಾದರೂ ಮೂಲ ಸವೆಯುವುದಿಲ್ಲ. ಆದರೆ ಪ್ರತಿ ಮಾಡಿ ಕಳಿಸುವುದು ಫೋನಿನ ಕೆಲಸ. ಕೊಟ್ಟು ತೆಗೆದುಕೊಳ್ಳುವುದು ಮನುಷ್ಯರೇ ಮಾಡಬೇಕಾದದ್ದು. ಆದ್ದರಿಂದ ಈ ಪದವನ್ನು ಹೀಗೆ ವಿವರಿಸಬಹುದು: ಮುಖಪರಿಚಯದಿಂದಲೋ ಸಮಾನ ಆಸಕ್ತಿಯಿಂದಲೋ ಒಂದೆಡೆ ಸೇರಿದ ಸದಸ್ಯರು ತಮ್ಮ ಬದುಕಿನ ಹಾಗೂ ಪ್ರವಾಸದ ಚಿತ್ರಗಳನ್ನು, ನೋಡುವವರು ಯಾರೆಂಬ ಅರಿವಿಟ್ಟುಕೊಂಡು, ಒಂದೆರಡು ಮಾತಿನೊಡನೆ ಮುಂದಿಟ್ಟು, ಪ್ರತಿಯಾಗಿ ಉಳಿದವರ ಮಾತುಗಳನ್ನೂ ಚಿತ್ರಗಳನ್ನೂ ಪಡೆಯುವುದು. ಅಪ್‌ಲೋಡ್ ಮಾಡುವುದು ಇದರ ಒಂದು ಹಂತ ಮಾತ್ರ.

ಪದ ಹೊಸದಾದರೂ ರೂಢಿ ಹಳೆಯದು. ಪ್ಯಾರಿಸ್ಸಿನ ಛಾಯಾಗ್ರಾಹಕ ಆಂದ್ರೆ ಡಿಸ್ಡೇರಿ 1854ರಲ್ಲಿ ‘ಕಾರ್ತ್ ದ ವಿಸಿತ್’ ಎಂಬ ಚಿಕ್ಕ ಭಾವಚಿತ್ರಕ್ಕೆ ಪೇಟೆಂಟ್ ಪಡೆದರು. ಒಂದೇ ಫಲಕದ ಮೇಲೆ ಹಲವು ಚಿತ್ರಗಳನ್ನು ತೆಗೆದು, ಕತ್ತರಿಸಿ, ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡ ರಟ್ಟಿಗೆ ಅಂಟಿಸುವ ವಿಧಾನ ಅದು. ಚಿತ್ರ ಅಗ್ಗವಾಯಿತು, ಅದಕ್ಕಿಂತ ಮುಖ್ಯವಾಗಿ ಒಂದಕ್ಕೆ ಹಲವು ಪ್ರತಿಗಳಾದವು. 1860ರ ದಶಕದಲ್ಲಿ ಯುರೋಪ್ ಮತ್ತು ಅಮೆರಿಕದ ಜನ ಪರಸ್ಪರ ಈ ರಟ್ಟುಗಳನ್ನು ಬದಲಾಯಿಸಿಕೊಂಡರು. ಅವನ್ನು ಸಿಕ್ಕಿಸಿಡಲೆಂದೇ ಸೀಳುಗಳಿದ್ದ ಆಲ್ಬಮ್‌ಗಳು ಬಂದವು. ನನ್ನದೊಂದು ಕೊಟ್ಟರೆ ನಿಮ್ಮದೊಂದು ನನಗೆ ಬರಬೇಕು ಎಂಬ ನಿರೀಕ್ಷೆ ಆ ಆಲ್ಬಮ್‌ನ ಖಾಲಿ ಸೀಳಿನಲ್ಲೇ ಇತ್ತು.

ಮುಂದಿನ ಘಟ್ಟಗಳಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ. 1997ರ ಜೂನ್ 11ರಂದು ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ರೂಸ್‌ನ ಹೆರಿಗೆ ವಿಭಾಗದಲ್ಲಿ ಕುಳಿತಿದ್ದ ಫಿಲಿಪ್ ಕಾನ್ ಎಂಬ ತಂತ್ರಜ್ಞರು ಡಿಜಿಟಲ್ ಕ್ಯಾಮೆರಾ, ಮೊಬೈಲ್ ಫೋನ್ ಮತ್ತು ಲ್ಯಾಪ್‌ಟಾಪ್ ಮೂರನ್ನೂ ಒಂದಕ್ಕೊಂದು ಜೋಡಿಸಿ, ಆಗಷ್ಟೇ ಹುಟ್ಟಿದ ಮಗಳ ಚಿತ್ರವನ್ನು ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಕಳಿಸಿದರು. ಮೊಬೈಲ್ ಫೋನಿನಿಂದ ಆ ಕ್ಷಣವೇ ಹಂಚಿಕೊಂಡ ಮೊದಲ ಫೋಟೊ ಎಂದು ಸಾಮಾನ್ಯವಾಗಿ ಹೆಸರಿಸುವುದು ಇದನ್ನೇ. ಅದು ಕೂಸಿನ ಮುಖ ತೋರಿಸಲು ತಡೆಯಲಾರದ ತಂದೆಯೊಬ್ಬರ ಆತುರದಿಂದ ಹುಟ್ಟಿತು ಎಂಬುದು ಗಮನಿಸಬೇಕಾದ ಸಂಗತಿ.

ಆದರೂ ಅದು ಒಬ್ಬರಿಂದ ಹಲವರಿಗೆ ಹೋದದ್ದು. ಹಲವರು ಹಲವರೊಡನೆ ಹಂಚಿಕೊಳ್ಳುವ ಅಂಗಳವನ್ನು ದೊಡ್ಡ ಪ್ರಮಾಣದಲ್ಲಿ ತೆರೆದುಕೊಟ್ಟ ತಾಣಗಳಲ್ಲಿ 2004ರ ಫೆಬ್ರವರಿಯಲ್ಲಿ ಕೆನಡಾದ ವ್ಯಾಂಕೂವರ್‌ನಿಂದ ಶುರುವಾದ ಫ್ಲಿಕರ್ ಪ್ರಮುಖವಾದದ್ದು. ಆನ್‌ಲೈನ್ ಆಟವೊಂದನ್ನು ಕಟ್ಟಲು ಹೊರಟವರು ಅದನ್ನು ಕೈಬಿಟ್ಟು ರೂಪಿಸಿದ ತಾಣ ಅದು. ಚಿತ್ರಕ್ಕೆ ಟ್ಯಾಗ್ ಹಚ್ಚುವುದು, ಅದರ ಕೆಳಗೇ ಮಾತು ಬರೆಯುವುದು, ಒಂದೊಂದು ಆಸಕ್ತಿಗೆ ಒಂದೊಂದು ಗುಂಪು ಕಟ್ಟಿಕೊಳ್ಳುವುದು ಅಲ್ಲಿ ರೂಢಿಯಾದವು. ಫೋಟೊ ಹೀಗೆ ಮಾತಿನ ನೆಪವಾಯಿತು. ‘ಸೆಲ್ಫಿ’ ಎಂಬ ಪದದ ಹಿನ್ನೆಲೆಯೂ ಇದನ್ನೇ ಹೇಳುತ್ತದೆ. ಆಕ್ಸ್‌ಫರ್ಡ್ ನಿಘಂಟಿನವರು ಅದನ್ನು 2013ರ ವರ್ಷದ ಪದವೆಂದು ಆರಿಸಿದಾಗ, ಅದರ ಅತ್ಯಂತ ಹಳೆಯ ಬಳಕೆ ದೊರೆತದ್ದು 2002ರಲ್ಲಿ, ಆಸ್ಟ್ರೇಲಿಯಾದ ಆನ್‌ಲೈನ್ ಚರ್ಚಾ ಬಳಗವೊಂದರಲ್ಲಿ. ಬಿದ್ದು ತುಟಿ ಒಡೆದುಕೊಂಡ ಒಬ್ಬರು ಗಾಯದ ಚಿತ್ರವನ್ನು ಸದಸ್ಯರಿಗೆ ತೋರಿಸುವಾಗ ಆ ಪದ ಬಳಸಿದ್ದರು. ತನ್ನನ್ನೇ ನೋಡಿಕೊಳ್ಳುವ ಗೀಳು ಎಂದು ಮುಂದೆ ಹೆಸರಾದ ಈ ಪದವೂ ನಮಗೆ ಮೊದಲು ಕಾಣಸಿಗುವುದು ಇನ್ನೊಬ್ಬರಿಗೆ ಹೇಳಿಕೊಳ್ಳುವ ಸಂದರ್ಭದಲ್ಲೇ.

ಈಗ ಒಂದು ಚಿತ್ರವನ್ನು ಹತ್ತಿರದಿಂದ ನೋಡೋಣ. ಪ್ರವಾಸಾಸಕ್ತರ ಬಳಗವೊಂದರಲ್ಲಿ ಸದಸ್ಯೆಯೊಬ್ಬರು ಕಡಲತೀರದ ದೀಪಸ್ತಂಭದ ತುದಿಯಿಂದ ತೆಗೆದ ಫೋಟೊ ಹಾಕಿದ್ದಾರೆ ಎಂದಿಟ್ಟುಕೊಳ್ಳಿ. ಬೆಳಗಿನ ಬಿಸಿಲು, ಸ್ತಂಭದ ನೆರಳು ಮರಳನ್ನು ದಾಟಿ ನೀರಿನೊಳಕ್ಕೆ ಇಳಿದಿದೆ, ಬಲಮೂಲೆಯಲ್ಲಿ ತುಕ್ಕು ಹಿಡಿದ ಕಂಬಿಯ ತುಂಡೊಂದು ಸ್ವಲ್ಪ ಮಸುಕಾಗಿ ಬಂದಿದೆ. ಬರಿಯ ಚಿತ್ರವಾಗಿ ನೋಡಿದರೆ ಇಂಥವು ಸಾವಿರಾರು ಸಿಗುತ್ತವೆ. ಆದರೆ ಅವರು ಕೆಳಗೆ ಹೀಗೆ ಬರೆದಿದ್ದಾರೆ: ‘ಅಪ್ಪನಿಗೆ ಮೊಣಕಾಲು ನೋವು. ಅರ್ಧ ಮೆಟ್ಟಿಲು ಹತ್ತಿ, ನೀನು ಹೋಗಿ ಬಾ, ನಾನು ಇಲ್ಲೇ ಕೂತಿರ್ತೀನಿ ಅಂದರು. ಮೇಲಿಂದ ಅವರಿಗೆ ತೋರಿಸಲು ತೆಗೆದದ್ದು.’ ಇದನ್ನು ಓದಿದ ಮೇಲೆ ಕಂಬಿಯ ಆ ತುಂಡು ತಪ್ಪಾಗಿ ಕಾಣುವುದಿಲ್ಲ. ಬೇಗ ತೆಗೆದುಕೊಂಡು ಕೆಳಗಿಳಿಯುವ ಅವಸರ ಅದರಲ್ಲಿ ಕಾಣುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಬ್ಬ ಸದಸ್ಯರು ಅದೇ ಜಾಗದಿಂದ ಹಲವು ವರ್ಷಗಳ ಹಿಂದೆ ತಾವು ತೆಗೆದ ಚಿತ್ರವನ್ನು ಹುಡುಕಿ ಹಾಕುತ್ತಾರೆ. ಅದರಲ್ಲಿ ನೆರಳು ನೀರನ್ನು ಮುಟ್ಟಿಲ್ಲ, ಮರಳಿನ ಮೇಲೆಯೇ ಮುಗಿದಿದೆ. ದಡ ಕೊರೆದುಹೋಗಿದೆಯೋ, ಎರಡು ಚಿತ್ರಗಳ ಹೊತ್ತು ಬೇರೆಯೋ ಎಂಬ ಚರ್ಚೆ ಏಳುತ್ತದೆ. ಮೂರನೆಯವರು ಕೇಳುವುದು ಒಂದೇ: ‘ಅಪ್ಪ ನೋಡಿ ಏನಂದರು?’ ಹಂಚಿಕೊಳ್ಳುವುದು ಎಂದರೆ ಈ ಮೂರೂ ಸೇರಿ ಆದದ್ದು.

ಇಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ವೈಯಕ್ತಿಕ ಫೋಟೊ, ಪ್ರವಾಸದ ಫೋಟೊ ಎಂದು ನಾವು ಬೇರೆ ಬೇರೆ ಆಲ್ಬಮ್ ಮಾಡಿದರೂ ಬಳಗದೊಳಗೆ ಆ ಗೆರೆ ನಿಲ್ಲುವುದಿಲ್ಲ. ಪ್ರವಾಸದ ಫೋಟೊಕ್ಕೆ ಹೊರಗಿನ ವಿಷಯವೊಂದು ಇರುತ್ತದೆ, ಆದ್ದರಿಂದ ಪರಿಚಯವಿಲ್ಲದವರೂ ಅದರ ಮೇಲೆ ಸಂಕೋಚವಿಲ್ಲದೆ ಮಾತಾಡಬಹುದು: ದಾರಿ ಹೇಗಿದೆ, ಯಾವ ತಿಂಗಳು ಹೋಗಬೇಕು, ಎಷ್ಟು ಮೆಟ್ಟಿಲು. ಮನೆಯೊಳಗಿನ ಫೋಟೊಕ್ಕೆ ಆ ಅನುಕೂಲವಿಲ್ಲ. ಅದನ್ನು ಮುಂದಿಡಲು ಮೊದಲೇ ಒಂದಿಷ್ಟು ನಂಬಿಕೆ ಬೆಳೆದಿರಬೇಕು. ಬಹಳಷ್ಟು ಬಳಗಗಳಲ್ಲಿ ಸದಸ್ಯರು ಬೆಟ್ಟ, ಕಡಲುಗಳಿಂದ ಶುರುಮಾಡಿ, ತಿಂಗಳುಗಳು ಕಳೆದ ಮೇಲೆ ಮಗುವಿನ ಮೊದಲ ಹೆಜ್ಜೆಯ ಚಿತ್ರಕ್ಕೆ ಬರುವುದು ಇದೇ ಕಾರಣಕ್ಕೆ.

ಒಬ್ಬೊಬ್ಬರ ಪ್ರವಾಸದ ಚಿತ್ರ ಒಟ್ಟುಗೂಡಿದಾಗ ಏನಾಗಬಲ್ಲದು ಎಂಬುದಕ್ಕೆ ಒಂದು ಉದಾಹರಣೆಯಿದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ, ಜನ ಫ್ಲಿಕರ್‌ನಲ್ಲಿ ಹಂಚಿಕೊಂಡಿದ್ದ ರೋಮ್ ನಗರದ ಸುಮಾರು 1,50,000 ಫೋಟೊಗಳನ್ನು ಕಂಪ್ಯೂಟರ್‌ಗಳಿಗೆ ಒಪ್ಪಿಸಿ, ಒಂದು ದಿನದೊಳಗೆ ಕೊಲೋಸಿಯಂ ಮುಂತಾದ ಕಟ್ಟಡಗಳ ಮೂರು ಆಯಾಮದ ಮಾದರಿಗಳನ್ನು ಕಟ್ಟಿದರು. ತೆಗೆದವರಲ್ಲಿ ಬಹುಪಾಲು ಜನ ಒಬ್ಬರನ್ನೊಬ್ಬರು ಕಂಡವರೂ ಅಲ್ಲ. ಒಬ್ಬರು ಎಡಗಡೆಯಿಂದ, ಇನ್ನೊಬ್ಬರು ಮೆಟ್ಟಿಲ ಕೆಳಗಿನಿಂದ ತೆಗೆದ ಸಾಧಾರಣ ಚಿತ್ರಗಳೇ ಅಲ್ಲಿ ಒಂದರ ಕೊರತೆಯನ್ನು ಒಂದು ತುಂಬಿಕೊಟ್ಟವು.

ಚಿತ್ರದೊಡನೆ ಕಣ್ಣಿಗೆ ಕಾಣದ ವಿಷಯವೂ ಹೋಗುತ್ತದೆ ಎಂಬುದನ್ನು ಇದರೊಂದಿಗೇ ತಿಳಿದಿರಬೇಕು. 1995ರಲ್ಲಿ ಜಪಾನಿನ ಎಲೆಕ್ಟ್ರಾನಿಕ್ಸ್ ಉದ್ಯಮದ ಸಂಘಟನೆಯೊಂದು ರೂಪಿಸಿದ ‘ಎಕ್ಸಿಫ್’ ಎಂಬ ಮಾನದಂಡದ ಪ್ರಕಾರ ಕ್ಯಾಮೆರಾಗಳು ಚಿತ್ರದ ಕಡತದೊಳಗೇ ತೆಗೆದ ದಿನ, ಗಂಟೆ, ನಿಮಿಷ, ಕ್ಯಾಮೆರಾದ ಮಾದರಿ, ಬೆಳಕಿನ ಅಳತೆ ಮುಂತಾದವನ್ನು ಬರೆದಿಡುತ್ತವೆ. ಫೋನಿನ ಲೊಕೇಶನ್ ಚಾಲೂ ಇದ್ದರೆ ಅಕ್ಷಾಂಶ ರೇಖಾಂಶಗಳನ್ನೂ ಬರೆಯುತ್ತವೆ. ಅಕ್ಷಾಂಶದ ದಶಮಾಂಶದಲ್ಲಿ ನಾಲ್ಕನೆಯ ಅಂಕಿ ಒಂದರಷ್ಟು ಬದಲಾದರೆ ನೆಲದ ಮೇಲೆ ಸುಮಾರು 11 ಮೀಟರ್ ಅಂತರ. ದೀಪಸ್ತಂಭದ ಮಟ್ಟಿಗೆ ಇದು ಉಪಕಾರ. ನಕ್ಷೆಯ ಮೇಲೆ ಚಿತ್ರ ತಾನಾಗಿಯೇ ಸರಿಯಾದ ಜಾಗದಲ್ಲಿ ಕೂರುತ್ತದೆ. ಅದೇ ಸದಸ್ಯೆ ತಮ್ಮ ಮನೆಯ ಕಿಟಕಿಯಲ್ಲಿ ಅರಳಿದ ಹೂವಿನ ಚಿತ್ರ ಹಾಕಿದರೆ ಅದೇ ಅಂಕಿಗಳು ಮನೆಯ ವಿಳಾಸವಾಗುತ್ತವೆ. ದೊಡ್ಡ ಜಾಲತಾಣಗಳಲ್ಲಿ ಹಲವು, ಎಲ್ಲರಿಗೂ ಕಾಣುವ ಪ್ರತಿಯಿಂದ ಈ ವಿವರಗಳನ್ನು ತೆಗೆದುಹಾಕುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದೇ ಕಳಿಸಿದರೆ ವಿವರ ಅಳಿದುಹೋಗುತ್ತದೆ, ಗುಣಮಟ್ಟ ಕೆಡಬಾರದೆಂದು ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿದರೆ ವಿವರವೂ ಜೊತೆಗೇ ಹೋಗುತ್ತದೆ. ಬಳಗಕ್ಕೆ ಕಳಿಸುವ ಮೊದಲು ಒಮ್ಮೆ ಲೊಕೇಶನ್ ತೆಗೆಯುವ ಅಭ್ಯಾಸ ಎಲ್ಲರಿಗೂ ಇರಬೇಕೆಂದು ನಾನು ಒತ್ತಿ ಹೇಳುತ್ತೇನೆ. ಊರಿನಿಂದ ಹೊರಗಿರುವಾಗಲೇ ಚಿತ್ರ ಹಾಕಿದರೆ ಮನೆ ಖಾಲಿಯಿದೆ ಎಂದು ಸಾರಿದಂತೆಯೂ ಆಗುತ್ತದೆ. ಅನೇಕರು ಹಿಂದಿರುಗಿದ ಮೇಲೆ ಹಾಕುತ್ತಾರೆ, ಅದು ವಿವೇಕದ ಕೆಲಸ.

ಜಾಗಕ್ಕೂ ಇದೇ ಮಾತು ಸಲ್ಲುತ್ತದೆ. ಅಮೆರಿಕದ ವಯೋಮಿಂಗ್ ರಾಜ್ಯದ ಜ್ಯಾಕ್ಸನ್ ಹೋಲ್ ಕಣಿವೆಯ ಪ್ರವಾಸೋದ್ಯಮ ಮಂಡಳಿಯೇ 2018ರಲ್ಲಿ, ಚಿತ್ರಗಳಿಗೆ ಕೆರೆ, ಕಾಲುದಾರಿಗಳ ನಿಖರ ಸ್ಥಳವನ್ನು ಹಚ್ಚಬೇಡಿ ಎಂದು ಪ್ರವಾಸಿಗರನ್ನು ಕೇಳಿಕೊಂಡಿತು. ಒಂದು ಚಿತ್ರವನ್ನು ಹಿಂಬಾಲಿಸಿ ಬರುವ ಜನರ ಭಾರವನ್ನು ಸೂಕ್ಷ್ಮವಾದ ನೆಲ ತಾಳಲಾರದು ಎಂಬುದು ಅದರ ಕಾಳಜಿ. ಜಾಗದ ಹೆಸರನ್ನು ಕೇಳಿದವರಿಗೆ ಖಾಸಗಿಯಾಗಿ ಹೇಳುವ ಸದಸ್ಯರನ್ನು ಕೆಲವರು ಜಿಪುಣರೆಂದು ತಿಳಿಯುತ್ತಾರೆ, ನನಗೆ ಹಾಗೆನಿಸುವುದಿಲ್ಲ.

ಇನ್ನು ಚಿತ್ರದೊಳಗಿನ ಮನುಷ್ಯರು. ಸಾಮಾನ್ಯವಾಗಿ ಫೋಟೊದ ಹಕ್ಕುಸ್ವಾಮ್ಯ ತೆಗೆದವರದ್ದು, ಅದರಲ್ಲಿ ಕಾಣಿಸಿಕೊಂಡವರದ್ದಲ್ಲ. ಆದರೆ ಮುಖ ಅವರದ್ದು. ಗುಂಪಿನಲ್ಲಿ ಪ್ರವಾಸ ಹೋಗಿ ಬಂದಾಗ ಹತ್ತು ಜನರ ಚಿತ್ರವನ್ನು ಒಬ್ಬರು ಹಾಕುತ್ತಾರೆ. ಉಳಿದ ಒಂಬತ್ತು ಜನ ಅದನ್ನು ಯಾರು ನೋಡಬೇಕೆಂದು ಬಯಸುತ್ತಾರೆ ಎಂಬುದು ಅವರನ್ನು ಕೇಳದೆ ತಿಳಿಯುವುದಿಲ್ಲ. ಮಕ್ಕಳ ವಿಷಯದಲ್ಲಿ ಕೇಳಿದರೂ ಉತ್ತರ ಸಿಗುವುದಿಲ್ಲ, ಏಕೆಂದರೆ ಉತ್ತರ ಕೊಡಬೇಕಾದ ವಯಸ್ಸು ಇನ್ನೂ ಬಂದಿರುವುದಿಲ್ಲ. ‘ಹಾಕಲೇ?’ ಎಂಬ ಒಂದು ಪದದ ಸಂದೇಶ ಕಳಿಸಲು ಬೇಕಾಗುವುದು ಕೆಲವು ಕ್ಷಣ.

ಬಳಗದಲ್ಲಿ ಹಾಕಿದ ಮಾತ್ರಕ್ಕೆ ಚಿತ್ರ ಎಲ್ಲರ ಸ್ವತ್ತಾಗುವುದಿಲ್ಲ. ಎಲ್ಲರೂ ಬಳಸಲಿ ಎಂದು ನಿಜವಾಗಿಯೂ ಬಯಸುವವರಿಗೆ ಬೇರೆ ದಾರಿಯಿದೆ: 2002ರ ಡಿಸೆಂಬರ್‌ನಲ್ಲಿ ಬಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು. ತೆಗೆದವರ ಹೆಸರು ಹೇಳಿ ಬಳಸಿ ಎಂಬಂಥ ಷರತ್ತನ್ನು ಅವು ಮೊದಲೇ ಬರೆದಿಡುತ್ತವೆ. ಒಮ್ಮೆ ಕೊಟ್ಟ ಮೇಲೆ ಹಿಂದಕ್ಕೆ ಪಡೆಯಲು ಬರುವುದಿಲ್ಲ. 2004ರಲ್ಲಿ ಶುರುವಾದ, ಎಲ್ಲರೂ ಬಳಸಬಹುದಾದ ಚಿತ್ರಗಳ ಆನ್‌ಲೈನ್ ಭಂಡಾರವಾದ ವಿಕಿಮೀಡಿಯ ಕಾಮನ್ಸ್ ಬೆಳೆದದ್ದು ಬಹುಮಟ್ಟಿಗೆ ಹೀಗೆ ಕೊಟ್ಟ ಚಿತ್ರಗಳಿಂದ. ಕನ್ನಡದ ವ್ಯಾಕರಣದಲ್ಲಿ ಹೇಳುವುದಾದರೆ ಅದು ‘ಹಂಚುವುದಕ್ಕೆ’ ಹತ್ತಿರ, ಕೊಟ್ಟದ್ದು ಕೊಟ್ಟಂತೆಯೇ.

ಕೊನೆಯದಾಗಿ, ಹಂಚಿಕೊಳ್ಳುವುದರ ಹಾಗೆಯೇ ಕಾಣುವ, ಆದರೆ ಅದಲ್ಲದ ಒಂದು ಕ್ರಿಯೆ: ಫಾರ್ವರ್ಡ್. ದೀಪಸ್ತಂಭದ ಆ ಫೋಟೊವನ್ನು ಯಾರೋ ಇಳಿಸಿಕೊಂಡು ಬೇರೊಂದು ಗುಂಪಿಗೆ ಕಳಿಸುತ್ತಾರೆ, ಅಲ್ಲಿಂದ ಇನ್ನೊಂದಕ್ಕೆ ಹೋಗುತ್ತದೆ. ವರ್ಷದ ಮೇಲೆ ಅದು ‘ಶುಭೋದಯ’ ಎಂಬ ದಪ್ಪ ಅಕ್ಷರ ಹೊತ್ತು, ಅಂಚು ಕತ್ತರಿಸಿಕೊಂಡು, ಮತ್ತೆ ಮತ್ತೆ ಕುಗ್ಗಿಸಿದ್ದರಿಂದ ನೆರಳಿನ ಅಂಚು ಕಲೆಸಿಹೋಗಿ, ತೆಗೆದವರ ಫೋನಿಗೇ ಬಂದು ಸೇರಬಹುದು. ಕಂಬಿಯ ತುಂಡು ಅದರಲ್ಲಿ ಇರುವುದಿಲ್ಲ. ಯಾರು ತೆಗೆದರು, ಯಾರಿಗಾಗಿ ತೆಗೆದರು ಎಂಬುದೂ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಹಳೆಯ ಬಳಗದ ಸದಸ್ಯರೊಬ್ಬರು ‘ಇದು ಇವರು ತೆಗೆದದ್ದು, ಇದಕ್ಕೊಂದು ಕಥೆಯಿದೆ’ ಎಂದು ಕೆಳಗೆ ಬರೆದರೆ, ಅರ್ಧ ಮೆಟ್ಟಿಲಲ್ಲಿ ಕುಳಿತಿದ್ದ ಆ ಅಪ್ಪ ಮತ್ತೆ ಚಿತ್ರದೊಳಕ್ಕೆ ಬರುತ್ತಾರೆ.