ಮೈಬಣ್ಣ ಇರೋದು ಆರೆಂಜ್ ಸ್ಲೈಡರಲ್ಲಿ

ಅಕ್ಕ ಕಿಟಕಿ ಪಕ್ಕ ಕೂತಿದ್ದಾಗ ತೆಗೆದ ಫೋಟೋ ಒಂದಿತ್ತು, ಒಂದು ಕೆನ್ನೆ ಮೇಲೆ ಬಿಸಿಲು, ಇನ್ನೊಂದು ಕೆನ್ನೆ ಪೂರ್ತಿ ನೆರಳು. ಅದಕ್ಕೆ ಒಂದು ಪ್ರಿಸೆಟ್ ಹಾಕಿದೆ, ಅಂದ್ರೆ ಒಂದೇ ಕ್ಲಿಕ್ಕಲ್ಲಿ ಫೋಟೋದ ಬಣ್ಣ ಬೆಳಕು ಬದಲಿಸೋ ರೆಡಿಮೇಡ್ ಸೆಟ್ಟಿಂಗ್, ಸ್ಯಾಂಪಲ್ ಫೋಟೋಗಳಲ್ಲಿ ತುಂಬಾ ಚೆನ್ನಾಗಿ ಕಂಡಿತ್ತು, ಆದ್ರೆ ಅಕ್ಕನ ಮುಖ ಬೂದಿ ಬಳಿದ ಹಾಗಾಯ್ತು. ಅವಳದು ಕಪ್ಪು ಮೈಬಣ್ಣ, ಅದರೊಳಗಿನ ಆ ಬೆಚ್ಚಗಿನ ಕಂದು ಹೋಗೇಬಿಡ್ತು. ನನಗೆ ನಿಜವಾಗ್ಲೂ ಬೇಜಾರಾಯ್ತು.

ಪ್ರಿಸೆಟ್ ಅಂದ್ರೆ ಬರೀ ನಂಬರ್‌ಗಳು. ಫೋಟೋ ಎಡಿಟ್ ಮಾಡೋ ಲೈಟ್‌ರೂಮ್ ಆ್ಯಪಿನ ಪ್ರಿಸೆಟ್ ಫೈಲನ್ನ ನೋಟ್‌ಪ್ಯಾಡಲ್ಲಿ ಓಪನ್ ಮಾಡಿ ನೋಡಿ, ಕಾಂಟ್ರಾಸ್ಟ್ ಇಷ್ಟು, ಶ್ಯಾಡೋ ಇಷ್ಟು ಅಂತ ಸಾಲಾಗಿ ಬರೆದಿರತ್ತೆ ಅಷ್ಟೇ. ಫೋಟೋದಲ್ಲಿ ಯಾರಿದ್ದಾರೆ, ಬೆಳಕು ಯಾವ ಕಡೆಯಿಂದ ಬರ್ತಿದೆ ಅನ್ನೋದೆಲ್ಲ ಮಾಮೂಲಿ ಪ್ರಿಸೆಟ್‌ಗೆ ಗೊತ್ತಾಗಲ್ಲ. ಒಂದೊಂದು ಬಣ್ಣನೂ ಬೇರೆಬೇರೆಯಾಗಿ ಹೆಚ್ಚುಕಮ್ಮಿ ಮಾಡೋಕೆ ಎಳೆಯೋ ಸ್ಲೈಡರ್‌ಗಳಿರ್ತವೆ, ನಾನು ಹಾಕಿದ್ರಲ್ಲಿ ಆರೆಂಜ್ ಸ್ಯಾಚುರೇಷನ್ (ಬಣ್ಣದ ತೀವ್ರತೆ) ಮೈನಸ್ 25, ಆರೆಂಜ್ ಲ್ಯೂಮಿನನ್ಸ್ (ಆ ಬಣ್ಣ ಎಷ್ಟು ತಿಳಿ ಅನ್ನೋದು) ಪ್ಲಸ್ 30 ಅಂತಿತ್ತು. ಎಡವಟ್ಟು ಆಗಿದ್ದು ಅಲ್ಲೇ.

ಯಾಕಂದ್ರೆ ಮನುಷ್ಯರ ಚರ್ಮ, ಯಾರದ್ದೇ ಆಗ್ಲಿ, ಹೆಚ್ಚುಕಮ್ಮಿ ಆರೆಂಜೇ. ಚರ್ಮದಲ್ಲಿರೋ ಮೆಲನಿನ್ ನೀಲಿ ಬೆಳಕನ್ನ ಜಾಸ್ತಿ ಹೀರ್ಕೊಳ್ಳತ್ತೆ, ರಕ್ತದ ಹಿಮೋಗ್ಲೋಬಿನ್ ನೀಲಿ ಜೊತೆಗೆ ಹಸಿರನ್ನೂ ಹೀರತ್ತೆ, ಹಾಗಾಗಿ ವಾಪಸ್ ಬರೋದ್ರಲ್ಲಿ ಕೆಂಪು ಜಾಸ್ತಿ, ಹಸಿರು ಕಮ್ಮಿ, ನೀಲಿ ಇನ್ನೂ ಕಮ್ಮಿ, ಈ ಮೂರೂ ಸೇರಿದ್ರೆ ಆರೆಂಜ್. ತೀರಾ ಬೆಳ್ಳಗಿರೋರಿಂದ ಹಿಡಿದು ತೀರಾ ಕಪ್ಪಗಿರೋರ ತನಕ ವ್ಯತ್ಯಾಸ ಇರೋದು ಮುಖ್ಯವಾಗಿ ಬಣ್ಣ ಎಷ್ಟು ಗಾಢ, ಎಷ್ಟು ತಿಳಿ ಅನ್ನೋದ್ರಲ್ಲಿ. ವಿಡಿಯೋ ಎಡಿಟ್ ಮಾಡೋರು ವೆಕ್ಟರ್‌ಸ್ಕೋಪಲ್ಲಿ, ಅಂದ್ರೆ ಬಣ್ಣಗಳನ್ನ ಅಳೆದು ತೋರಿಸೋ ಗ್ರಾಫಲ್ಲಿ, ಎಲ್ಲರ ಮೈಬಣ್ಣಕ್ಕೂ ಒಂದೇ ಗೆರೆ ಇಟ್ಕೊಂಡಿರೋದು ಇದಕ್ಕೇ.

ಇನ್ನೊಂದು ವಿಷ್ಯ, ಕಂದು ಅಂದ್ರೆ ಬೆಳಕು ಕಮ್ಮಿ ಇರೋ ಆರೆಂಜ್. ಆರೆಂಜನ್ನ ತಿಳಿ ಮಾಡಿ ಸ್ಯಾಚುರೇಷನ್ ಇಳಿಸಿದ್ರೆ ಬೆಳ್ಳಗಿನ ಮುಖ ಕೆನೆ ಥರ ಆಗತ್ತೆ, ಆದ್ರೆ ಕಂದು ಮುಖದಲ್ಲಿ ಕಂದನ್ನೇ ಕಿತ್ತುಹಾಕಿದ ಹಾಗಾಗತ್ತೆ, ಉಳಿಯೋದು ಬೂದು. ಇದು ಹೊಸದೇನಲ್ಲ. 1950ರ ದಶಕದಿಂದ ಕೊಡಾಕ್ ಕಂಪನಿ ಫೋಟೋ ಪ್ರಿಂಟ್ ಮಾಡೋ ಲ್ಯಾಬ್‌ಗಳಿಗೆ ಶರ್ಲಿ ಕಾರ್ಡ್ ಅಂತ ಕೊಡ್ತಿತ್ತು, ಅದರಲ್ಲಿ ಬಿಳಿ ಹೆಂಗಸೊಬ್ಬರ ಫೋಟೋ ಇರ್ತಿತ್ತು, ಆ ಮುಖ ಸರಿ ಬಂದ್ರೆ ಪ್ರಿಂಟ್ ಸರಿ ಅಂತ ಲೆಕ್ಕ. ಒಂದೇ ಥರದ ಮುಖದ ಮೇಲೆ ಟೆಸ್ಟ್ ಮಾಡಿರೋ ಪ್ರಿಸೆಟ್ ಇವತ್ತಿಗೂ ಅದೇ ತಪ್ಪು ಮಾಡತ್ತೆ.

ಹಾಗಂತ ಪ್ರಿಸೆಟ್ ಬೇಡ ಅಂತ ನಾನು ಹೇಳಲ್ಲ. ಮೊದಲು ವೈಟ್ ಬ್ಯಾಲೆನ್ಸ್ ಸರಿ ಮಾಡ್ಕೊಳ್ಳಿ, ಅಂದ್ರೆ ಯಾವ ಬೆಳಕಲ್ಲಿ ತೆಗೆದ್ರೂ ಬಿಳಿ ಬಿಳಿಯಾಗೇ ಕಾಣೋ ಹಾಗೆ. ಹಳದಿ ಬಲ್ಬಿನ ಬೆಳಕು ಸುಮಾರು 2700 ಕೆಲ್ವಿನ್ (ಬೆಳಕಿನ ಬಣ್ಣ ಅಳೆಯೋ ಲೆಕ್ಕ, ನಂಬರ್ ಜಾಸ್ತಿ ಆದಷ್ಟೂ ಬೆಳಕು ನೀಲಿ), ಬಿಸಿಲಿರೋ ದಿನದ ನೆರಳು 7000 ದಾಟತ್ತೆ, ನಮ್ಮ ಕಣ್ಣು ಮಿದುಳು ಸೇರ್ಕೊಂಡು ಈ ವ್ಯತ್ಯಾಸನ ತಾವೇ ಸರಿ ಮಾಡ್ಕೊಳ್ತವೆ, ಕ್ಯಾಮೆರಾದ ಲೆಕ್ಕ ಮಾತ್ರ ಎಷ್ಟೋ ಸಲ ತಪ್ಪತ್ತೆ. ತಪ್ಪಿದ್ರೆ ಚರ್ಮ ಆರೆಂಜ್ ಬಿಟ್ಟು ಹಳದಿ ಕಡೆಗೋ ಕೆಂಪು ಕಡೆಗೋ ಜಾರಿರತ್ತೆ, ಆಮೇಲೆ ಆರೆಂಜ್ ಸ್ಲೈಡರ್ ಎಳೆದ್ರೆ ಮುಖದಲ್ಲಿ ತೇಪೆ ತೇಪೆ. ಸಾಧ್ಯ ಆದ್ರೆ ಕ್ಯಾಮೆರಾ ಸೆನ್ಸರ್ ಹಿಡಿದಿದ್ದನ್ನ ಹಾಗೇ ಇಟ್ಟಿರೋ ರಾ ಫೈಲಲ್ಲೇ ಮಾಡಿ, 14 ಬಿಟ್ ರಾ ಫೈಲಲ್ಲಿ ಕೆಂಪು, ಹಸಿರು, ನೀಲಿ ಅನ್ನೋ ಒಂದೊಂದು ಚಾನೆಲ್‌ಗೂ 16,384 ಹಂತ ಇರತ್ತೆ, ಜೆಪೆಗ್‌ನಲ್ಲಿ ಬರೀ 256. ಫೋನಲ್ಲಿ ಎಡಿಟ್ ಮಾಡ್ತಿದ್ರೆ ಸ್ಕ್ರೀನನ್ನ ಹಳದಿ ಮಾಡೋ ನೈಟ್ ಮೋಡ್ ಆಫ್ ಮಾಡೋದು ಮರೀಬೇಡಿ, ಇಲ್ದಿದ್ರೆ ಬಣ್ಣ ಸರಿಯಾಗಿ ಕಾಣಲ್ಲ.

ಟೈಮ್ ಇದ್ರೆ ಒಂದು ಫೋಟೋನ ಕೆಂಪು ಚಾನೆಲಲ್ಲಿ ಮಾತ್ರ ನೋಡಿ, ಮೊಡವೆ ಕಲೆ ಎಲ್ಲ ಹೆಚ್ಚುಕಮ್ಮಿ ಮಾಯ ಆಗಿರತ್ತೆ, ನೀಲಿ ಚಾನೆಲಲ್ಲಿ ಒಂದೊಂದು ಚುಕ್ಕೆನೂ ಎದ್ದು ಕಾಣತ್ತೆ. ಕೆಂಪು ಬೆಳಕನ್ನ ಮೆಲನಿನ್, ಹಿಮೋಗ್ಲೋಬಿನ್ ಕಮ್ಮಿ ಹೀರೋದ್ರಿಂದ, ಅದು ಚರ್ಮದೊಳಗೆ ಆಳಕ್ಕೆ ಹೋಗಿ ಚದುರಿ ಹೊರಗೆ ಬರೋದ್ರಿಂದ ಹಾಗೆ. ಕಪ್ಪುಬಿಳುಪು ಪೋರ್ಟ್ರೇಟ್ ಮಾಡೋವಾಗ ಕೆಂಪನ್ನ ಜಾಸ್ತಿ ಇಟ್ರೆ ಚರ್ಮ ನುಣುಪಾಗಿ ಕಾಣತ್ತೆ, ಬ್ಲರ್ ಹಾಕೋ ಅಗತ್ಯನೇ ಬರಲ್ಲ, ನನಗಂತೂ ಬ್ಲರ್‌ಗಿಂತ ಇದೇ ಇಷ್ಟ.

ಅಕ್ಕನ ಫೋಟೋಗೆ ಮತ್ತೆ ಅದೇ ಪ್ರಿಸೆಟ್ ಹಾಕಿದೆ, ಆದ್ರೆ ಆರೆಂಜ್ ಸ್ಯಾಚುರೇಷನ್ ಸೊನ್ನೆಗೆ ತಂದು, ಲ್ಯೂಮಿನನ್ಸ್ ಪ್ಲಸ್ 30ರಿಂದ ಮೈನಸ್ 5ಕ್ಕೆ ಇಳಿಸಿ, ಮುಖ ಕುತ್ತಿಗೆ ಎರಡೂ ಒಂದೇ ಥರ ಇದೆಯಾ ಅಂತ ಜೂಮ್ ಮಾಡಿ ನೋಡ್ದೆ. ನೆರಳಿನ ಕೆನ್ನೆಯ ಕಂದು ವಾಪಸ್ ಬಂದಿತ್ತು.